ಪ್ರತಿಬಿಂಬಗಳ ಜಾತ್ರೆ

ಕಳೆದ ಚಳಿಗಾಲದಲ್ಲಿ ನಮ್ಮ ಸೀಮೆಯ ಒಂದು ಶಾಲೆಯ ವಾರ್ಷಿಕ ಸ್ನೇಹಸಮ್ಮೇಲನಕ್ಕೆ ಹೋಗುವ ಪ್ರಸಂಗವು ನನಗೆ ಒದಗಿತು. ಕಾರ್ಯಕ್ರಮಪತ್ರಿಕೆಯಲ್ಲಿ ಹದಿನೆಂಟು ಬಾಬುಗಳಿದ್ದವು. ಮೊದಲನೆಯದು ಸ್ವಾಗತಗೀತೆ, ಕೊನೆಯದು ರಾಷ್ಟ್ರಗೀತೆ, ನಡುವಿನ ಹದಿನಾರೂ ನೃತ್ಯಗಳು. ಆ ಹದಿನಾರಕ್ಕೂ ಹಾಡಿದವರು ಮಕ್ಕಳಲ್ಲ. ಪೆಟ್ಟಿಗೆಯು ಹಾಡಿತು, ಮಕ್ಕಳು ಕುಣಿದರು. ಹದಿನಾರರಲ್ಲಿ ಹದಿನಾಲ್ಕು ಚಿತ್ರಪಟದ ಹಾಡುಗಳು. ಅವುಗಳಲ್ಲಿಯೂ ಒಂದೇ ಹಾಡಿಗೆ ಮೂರು ತರಗತಿಯ ಮಕ್ಕಳು ಮೂರು ಸಲ ಕುಣಿದರು. ಮೂರು ಸಲವೂ ಅದೇ ಕೈವಾರ, ಅದೇ ಸೊಂಟದ ತಿರುವು. ಪಾಲಕರು ಮೂರು ಸಲವೂ ಮೊಬೈಲು ಎತ್ತಿ ಹಿಡಿದು ಚಿತ್ರ ತೆಗೆದುಕೊಂಡರು. ಯಾರಿಗೂ ಬೇಸರವಾದಂತೆ ಕಾಣಲಿಲ್ಲ. ನನಗೆ ದುಃಖವಾದುದು ಆ ಬೇಸರವಿಲ್ಲದಿರುವಿಕೆಯನ್ನು ಕಂಡು.

ನನ್ನ ಮುಖವನ್ನು ನೋಡಿ ಬದಿಯಲ್ಲಿ ಕುಳಿತಿದ್ದ ತರುಣ ಶಿಕ್ಷಕರೊಬ್ಬರು ನಗುತ್ತ ಅಂದರು: "ಗುರುಗಳ, ಸಿಟ್ಟಾಗಬ್ಯಾಡ್ರಿ. ಸಿನೇಮಾದಾಗ ಅದಽ ಅದಽ ಬರತೈತಿ ಅಂತೀರಿ. ನಿಮ್ಮ ಪಾರಿಜಾತದಾಗರ ಹೊಸಾದು ಏನೈತ್ರಿ? ವರ್ಷಾ ವರ್ಷಾ ಅದಽ ಸತ್ಯಭಾಮಾ, ಅದಽ ಸಿಟ್ಟು, ಅದಽ ಹೂವು!"

ಈ ಆಕ್ಷೇಪಣೆಯು ಹಗುರಾದುದಲ್ಲ. ಆ ರಾತ್ರಿ ನಾನು ಸರಿಯಾದ ಉತ್ತರವನ್ನು ಕೊಡಲಾರದೆ ಹೋದೆನು. ಮನೆಗೆ ಬಂದ ಮೇಲೆ ವಿಚಾರಿಸುತ್ತ ಹೋದಂತೆ, ನಮ್ಮ ಕಾಲದ ಮನೋರಂಜನೆಯ ಮೇಲೆ ನಮ್ಮಂಥವರು ಹೊರಿಸುವ ಅಪವಾದವೇ ತಪ್ಪು ಸ್ಥಳದಲ್ಲಿ ಬೀಳುತ್ತಿರುವದೆಂಬುದು ತಿಳಿದುಬಂದಿತು. ಆ ತರುಣ ಮಿತ್ರರಿಗೆ ಕೊಡಬೇಕಾಗಿದ್ದ ಉತ್ತರವನ್ನೇ ಈ ಲೇಖನದಲ್ಲಿ ವಾಚಕರ ಮುಂದೆ ಇಡುವವನಿದ್ದೇನೆ.

ಮೊದಲಿಗೆ ಒಪ್ಪಿಕೊಳ್ಳತಕ್ಕದ್ದನ್ನು ಒಪ್ಪಿಕೊಳ್ಳುವೆನು. ಆವೃತ್ತಿಯು ದೋಷವಲ್ಲ. ಪಾಠಶಾಲೆಯಲ್ಲಿ ಅಮರಕೋಶವನ್ನು ನೂರಾರು ಸಲ ಹೇಳಿಯೇ ನಾಲ್ಕು ಅಕ್ಷರಗಳನ್ನು ಕಲಿತ ನಾನು ಆವೃತ್ತಿಯನ್ನು ನಿಂದಿಸಿದರೆ ಉಂಡ ಮನೆಗೆ ಎರಡು ಬಗೆದಂತಾಗುವದು. ವೇದವು ಉಳಿದುದು ಪದ, ಕ್ರಮ, ಜಟೆ, ಘನಗಳೆಂಬ ಆವೃತ್ತಿಯ ಬಲದಿಂದ. ನಮ್ಮ ಸೀಮೆಯ ರಂಗಭೂಮಿಯೂ ಆವೃತ್ತಿಯಿಂದಲೇ ಬೆಳೆದುದು. ಕುಲಗೋಡ ತಮ್ಮಣ್ಣನು ತಿದ್ದಿ ಬೆಳೆಸಿದ ಶ್ರೀಕೃಷ್ಣ ಪಾರಿಜಾತವು ಹತ್ತೊಂಬತ್ತನೆಯ ಶತಮಾನದಿಂದ ಇಂದಿನ ವರೆಗೆ ಬೆಳತನಕ ನಡೆಯುತ್ತಲೇ ಬಂದಿದೆ. ಬೈಲಹೊಂಗಲದಲ್ಲಿಯೇ ನಡೆದ ಕೊಲೆಯೊಂದರಿಂದ ಹುಟ್ಟಿದ ಸಂಗ್ಯಾ ಬಾಳ್ಯಾ ಸಣ್ಣಾಟದ ಕಥೆಯನ್ನು ಅರಿಯದ ಮನೆಯು ನಮ್ಮಲ್ಲಿ ಇಲ್ಲ. ಆದರೂ ಗೆಳೆಯನು ಗೆಳೆಯನಿಗೆ ಎರಡು ಬಗೆಯುವ ಆ ಗಳಿಗೆಯು ಬಂದಾಗ ಮುದುಕರು ಕೂಡ ಉಸಿರು ಬಿಗಿಹಿಡಿಯುವರು. ಸವದತ್ತಿ ತಾಲೂಕಿನ ಏಣಗಿಯಲ್ಲಿ ೧೯೧೪ರಲ್ಲಿ ಹುಟ್ಟಿ, ೨೦೧೭ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ ದೇಹವನ್ನಿಟ್ಟ ಬಾಳಪ್ಪನವರು ಬಸವೇಶ್ವರನ ಪಾತ್ರವನ್ನು ಎಷ್ಟು ಊರುಗಳಲ್ಲಿ ಎಷ್ಟು ಸಲ ಧರಿಸಿದರೋ ಎಣಿಸಿದವರಿಲ್ಲ. ಒಮ್ಮೆ ಕಂಡವರು ಮತ್ತೊಮ್ಮೆ ಬಂಡಿ ಕಟ್ಟಿಕೊಂಡು ಹೋಗಿ ಕಾಣುತ್ತಿದ್ದರು.

ಹಾಗಾದರೆ ಅದೇ ಸತ್ಯಭಾಮೆಯನ್ನು ಕಂಡು ಬೇಸರಗೊಳ್ಳದ ನಾನು ಪೆಟ್ಟಿಗೆಯ ಹಾಡಿಗೆ ಏಕೆ ಬೇಸರಗೊಳ್ಳಬೇಕು? ಪಾರಿಜಾತದಲ್ಲಿ ಕಥೆಯು ಒಂದೇ, ರಾತ್ರಿಯು ಮಾತ್ರ ಬೇರೆ. ಭಾಗವತನೂ ದೂತಿಯೂ ಮಾತಿಗೆ ಮಾತು ಕಟ್ಟುವಾಗ ಆ ಊರಿನ ಗೌಡರ ಜಿಪುಣತನವು ಬರುವದು, ಆ ವರ್ಷದ ಮಳೆಯು ಬರುವದು, ಮುಂದಿನ ಸಾಲಿನಲ್ಲಿ ತೂಕಡಿಸುತ್ತಿರುವವನ ಹೆಸರೂ ಬರುವದು. ಕೊರವಂಜಿಯು ಕಣಿ ಹೇಳುವಾಗ ನೆರೆದ ಹೆಂಗಸರ ಮೋರೆಯನ್ನು ನೋಡಿ ಹೇಳುವಳು. ಕೌಜಲಗಿ ನಿಂಗಮ್ಮನಂಥ ಕಲಾವಿದೆಯ ಬಾಯಲ್ಲಿ ಅದೇ ಪದವು ಒಂದು ರಾತ್ರಿ ಸಿಟ್ಟಾಗಿಯೂ ಇನ್ನೊಂದು ರಾತ್ರಿ ಅಳುವಾಗಿಯೂ ಹೊರಡುವದಕ್ಕೆ ಎಡೆಯಿತ್ತು. ಅಂದರೆ ಕೇಳುವವನು ಆಟದೊಳಗಿನ ಒಬ್ಬನಾಗಿದ್ದನು. ಅವನು ಬದಲಾದರೆ ಆಟವೂ ಬದಲಾಗುತ್ತಿತ್ತು.

ಒಂದರಂತೆ ಇನ್ನೊಂದು ಇರುವದರ ಬಗ್ಗೆ ನಮ್ಮ ಹಿರಿಯರು ವಿಚಾರ ಮಾಡಿಲ್ಲವೆಂದು ಭಾವಿಸಬಾರದು. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನನು ತನ್ನ ಧ್ವನ್ಯಾಲೋಕದ ಕೊನೆಯ ಉದ್ಯೋತದಲ್ಲಿ ಈ ಪ್ರಶ್ನೆಯನ್ನೇ ಎತ್ತಿಕೊಂಡಿದ್ದಾನೆ. ಬುದ್ಧಿವಂತರ ಕೃತಿಗಳಲ್ಲಿ ಪರಸ್ಪರ ಹೋಲಿಕೆಯು ಬಂದೇ ಬರುವದೆಂದು ಆತನು ಮೊದಲು ಒಪ್ಪಿಕೊಳ್ಳುವನು. ಬಳಿಕ ಆ ಹೋಲಿಕೆಯನ್ನು ಮೂರು ತೆರನಾಗಿ ವಿಂಗಡಿಸುವನು. ಒಂದು, ಕನ್ನಡಿಯಲ್ಲಿಯ ಪ್ರತಿಬಿಂಬದಂಥ ಹೋಲಿಕೆ. ಅದಕ್ಕೆ ತನ್ನದೆಂಬ ಆತ್ಮವಿಲ್ಲ. ಎರಡು, ಚಿತ್ರದಲ್ಲಿ ಬರೆದ ಆಕೃತಿಯಂಥ ಹೋಲಿಕೆ. ಅದರ ಆತ್ಮವು ತೀರ ಅಲ್ಪವಾದುದು. ಮೂರು, ಇಬ್ಬರು ಜೀವಂತ ಮನುಷ್ಯರ ದೇಹಗಳು ಒಂದನ್ನೊಂದು ಹೋಲುವಂಥದು. ಇದನ್ನು ಕವಿಯು ಬಿಡಬೇಕಾಗಿಲ್ಲ, ಏಕೆಂದರೆ ಅಣ್ಣನ ಮೋರೆಯು ತಮ್ಮನಿಗೆ ಬಂದಿದ್ದರೂ ತಮ್ಮನ ಪ್ರಾಣವು ತಮ್ಮನದೇ. ಸಾವಿರದ ನೂರು ವರ್ಷಗಳ ಹಿಂದಿನ ಈ ಒರೆಗಲ್ಲಿಗಿಂತ ಉತ್ತಮವಾದುದು ನನಗೆ ಇನ್ನೂ ದೊರೆತಿಲ್ಲ. ಪಾರಿಜಾತದ ಒಂದು ರಾತ್ರಿಯು ಇನ್ನೊಂದು ರಾತ್ರಿಗೆ ತಮ್ಮನಿದ್ದಂತೆ. ಇಂದಿನ ಮನೋರಂಜನೆಯ ಬಹುಭಾಗವಾದರೋ ಕನ್ನಡಿಯೊಳಗಿನ ಮೋರೆಯಾಗಿದೆ.

ಈ ಒರೆಗಲ್ಲಿಗೆ ಮೊದಲು ನಮ್ಮ ಚಿತ್ರಪಟವನ್ನು ಉಜ್ಜಿ ನೋಡುವ. ಕನ್ನಡದ ಮೊದಲನೆಯ ಬೋಲಪಟವಾದ ಸತಿ ಸುಲೋಚನೆಯು ೧೯೩೪ರಲ್ಲಿ ತೆರೆಗೆ ಬಂದಿತು. ಅದೂ ಹಳೆಯ ರಾಮಾಯಣದ ಕಥೆಯೇ. ರಾಮಾಯಣ ಬರೆಯುವ ಕವಿಗಳ ಭಾರವನ್ನು ತಾಳಲಾರದೆ ಆದಿಶೇಷನು ತಿಣುಕಿದನೆಂದು ಕುಮಾರವ್ಯಾಸನೇ ವಿನೋದ ಮಾಡಿರುವನಷ್ಟೆ! ಆದುದರಿಂದ ಹಳೆಯ ಕಥೆಯನ್ನು ಆರಿಸಿಕೊಂಡದ್ದು ಅಪರಾಧವಲ್ಲ. ಪರಭಾಷೆಯ ಕಥೆಯನ್ನು ತಂದುದೂ ಅಪರಾಧವಲ್ಲ. ಚುರಮುರಿ ಶೇಷಗಿರಿರಾಯರು ಶಾಕುಂತಲವನ್ನು ನಮ್ಮ ಭಾಗದ ಆಡುನುಡಿಗೆ ತಂದರು. ಗಳಗನಾಥರು ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಿಸಿ ಸಾವಿರಾರು ಮನೆಗಳಿಗೆ ಓದುವ ಚಟವನ್ನು ಹಚ್ಚಿದರು. ಅವರು ತಂದುದಕ್ಕೆ ನಮ್ಮ ಮಣ್ಣು ಹತ್ತಿತ್ತು. ೧೯೬೦ ಮತ್ತು ೧೯೭೦ರ ದಶಕಗಳಲ್ಲಿ ನಮ್ಮ ಚಿತ್ರಪಟದವರು ಕನ್ನಡ ಕಾದಂಬರಿಗಳ ಬಾಗಿಲು ಬಡಿದರು. ಎಂ. ಕೆ. ಇಂದಿರಾ ಅವರ ಗೆಜ್ಜೆಪೂಜೆಯು ೧೯೬೯ರಲ್ಲಿ, ಯು. ಆರ್. ಅನಂತಮೂರ್ತಿಯವರ ಸಂಸ್ಕಾರವು ೧೯೭೦ರಲ್ಲಿ, ತ. ರಾ. ಸುಬ್ಬರಾಯರ ನಾಗರಹಾವು ಮತ್ತು ಟಿ. ಕೆ. ರಾಮರಾಯರ ಬಂಗಾರದ ಮನುಷ್ಯ ಇವೆರಡೂ ೧೯೭೨ರಲ್ಲಿ ಚಿತ್ರಗಳಾದವು. ಈ ನಾಲ್ಕರಲ್ಲಿ ಯಾವ ಎರಡನ್ನು ಪಕ್ಕದಲ್ಲಿಟ್ಟರೂ ಒಂದು ಮನೆಯ ಮಕ್ಕಳೆಂದು ತೋರುವದಿಲ್ಲ.

ಮುಂದೆ ಆದುದೇನು? ೧೯೬೦ರ ದಶಕದ ಮೊದಲ ಭಾಗದಲ್ಲಿ ಅ. ನ. ಕೃಷ್ಣರಾಯರೇ ಮೊದಲಾದವರು, ಪರಭಾಷೆಯ ಚಿತ್ರಗಳಿಗೆ ಕನ್ನಡದ ಧ್ವನಿಯನ್ನು ಅಂಟಿಸಿ ಮಾರುವದನ್ನು ವಿರೋಧಿಸಿ ಚಳವಳಿ ಹೂಡಿದರು. ಅವರ ಉದ್ದೇಶವು ಶುದ್ಧವಾಗಿತ್ತು. ನಮ್ಮ ಕಲಾವಿದರಿಗೆ ಅನ್ನವೂ ನಮ್ಮ ಭಾಷೆಗೆ ಮಾನವೂ ದೊರೆಯಬೇಕಾಗಿತ್ತು. ಆದರೆ ಧ್ವನಿ ಬದಲಿಸಿದ ಚಿತ್ರವು ಬರಕೂಡದೆಂಬ ಆ ಅಲಿಖಿತ ಕಟ್ಟಳೆಯ ನೆರಳಿನಲ್ಲಿ ಬೇರೊಂದು ಕಳೆಯು ಹಬ್ಬಿತು. ಮೂಲಚಿತ್ರವು ಇಲ್ಲಿಗೆ ಕನ್ನಡದಲ್ಲಿ ಬರುವಂತಿಲ್ಲವಷ್ಟೆ? ಹಾಗಾದರೆ ಅದನ್ನೇ ಕೊಂಡು, ನಟರನ್ನು ಬದಲಿಸಿ, ಮತ್ತೆ ತೆಗೆದರಾಯಿತು! ಬೆಳೆಯನ್ನು ಕಾಯಲು ಹಾಕಿದ ಬೇಲಿಯೇ ಕಳೆಗೆ ಗೊಬ್ಬರವಾಯಿತು. ೨೦೧೫ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಈ ಕಟ್ಟಳೆಯನ್ನು ತಪ್ಪೆಂದು ತೀರ್ಮಾನಿಸುವ ಹೊತ್ತಿಗೆ ರೀಮೇಕು ನಮ್ಮ ಚಿತ್ರೋದ್ಯಮದ ಮಾಮೂಲು ಕಸುಬಾಗಿ ಹೋಗಿತ್ತು. ೧೯೯೩ರ ಮಲಯಾಳಿ ಮಣಿಚಿತ್ರತ್ತಾಳು ೨೦೦೪ರಲ್ಲಿ ಕನ್ನಡದ ಆಪ್ತಮಿತ್ರವಾಯಿತು, ೨೦೦೫ರಲ್ಲಿ ತಮಿಳಿನ ಚಂದ್ರಮುಖಿಯಾಯಿತು, ೨೦೦೭ರಲ್ಲಿ ಹಿಂದಿಯ ಭೂಲ್ ಭುಲೈಯಾ ಆಯಿತು. ೨೦೧೩ರ ದೃಶ್ಯಂ ಎಂಬ ಮಲಯಾಳಿ ಚಿತ್ರವು ಎರಡೇ ವರ್ಷಗಳೊಳಗೆ ಕನ್ನಡ, ತೆಲುಗು, ತಮಿಳು, ಹಿಂದಿಗಳ ವೇಷವನ್ನು ತೊಟ್ಟಿತು. ಇವುಗಳಲ್ಲಿ ಚೆನ್ನಾಗಿ ತೆಗೆದವು ಇಲ್ಲವೆಂದಲ್ಲ. ಆದರೆ ಭಾಷೆಯ ಸ್ಥಿತಿಯನ್ನು ಭಾಷೆಯೇ ಹೇಳುವದು. ತಾನೇ ಯೋಚಿಸಿ ತೆಗೆದ ಚಿತ್ರಕ್ಕೆ ನಮ್ಮ ಚಿತ್ರರಂಗದವರು "ಸ್ವಮೇಕ್" ಎಂಬ ಹೊಸ ಶಬ್ದವನ್ನು ಹುಟ್ಟಿಸಬೇಕಾಯಿತು! ಸ್ವಂತ ಅಡಿಗೆಗೆ ಬೇರೆ ಹೆಸರಿಡುವ ಮನೆಯಲ್ಲಿ ದಿನಾಲು ಉಣ್ಣುವದು ಎಲ್ಲಿಯದೆಂದು ವಾಚಕರೇ ಊಹಿಸಬಹುದು.

ಇಲ್ಲಿ ನಿರ್ಮಾಪಕರ ಪಕ್ಷದ ವಾದವೊಂದುಂಟು. "ಕೋಟಿಗಟ್ಟಲೆ ಹಣ ಹೂಡುವವರು ನಾವು. ಒಮ್ಮೆ ಗೆದ್ದುದನ್ನೇ ಮತ್ತೆ ಮಾಡಿದರೆ ಗಂಡಾಂತರವು ಕಡಿಮೆ. ಜನರಿಗೂ ಅದೇ ಬೇಕು" ಎಂದು ಅವರು ಹೇಳುವರು. ಜನರಿಗೆ ಅದೇ ಬೇಕೆಂಬ ಮಾತನ್ನು ಅವರ ಲೆಕ್ಕದ ಪುಸ್ತಕವೇ ಸುಳ್ಳು ಮಾಡುವದು. ೨೦೦೬ರಲ್ಲಿ ಜನರು ಮುಂಗಾರು ಮಳೆಗೆ ಮುಗಿಬಿದ್ದರು. ಮಚ್ಚು ಲಾಂಗುಗಳ ಕಥೆಗಳ ನಡುವೆ ಅದು ಬೇರೆಯಾಗಿತ್ತು. ೨೦೧೬ರಲ್ಲಿ ತೆರೆಕಂಡ ತಿಥಿಯಲ್ಲಿ ಮಂಡ್ಯದ ಕಡೆಯ ಹಳ್ಳಿಗರೇ ನಟರು, ಅವರ ಮಾತೇ ಸಂಭಾಷಣೆ; ಅದೂ ದೇಶದ ಒಳಗೂ ಹೊರಗೂ ಮಾನ್ಯವಾಯಿತು. ೨೦೧೮ರ ಕೆ. ಜಿ. ಎಫ್. ಚಿತ್ರದಂಥದು ಕನ್ನಡದಲ್ಲಿ ಮೊದಲು ಇರಲಿಲ್ಲ. ೨೦೨೨ರ ಕಾಂತಾರವು ಕರಾವಳಿಯ ಭೂತಕೋಲವನ್ನು ನೆಚ್ಚಿ ನಿಂತಿತು. ಜನರು ಮುಗಿಬಿದ್ದುದು ಪ್ರತಿ ಸಲವೂ ಬೇರೆಯದಕ್ಕೇ. ಆದರೆ ಉದ್ಯಮವು ಅದರಿಂದ ಕಲಿತುದೇನು? ಮಳೆ ಗೆದ್ದಿತೆಂದು ಎಲ್ಲರೂ ಮಳೆ ಸುರಿಸಿದರು. ಗಡ್ಡ ಗೆದ್ದಿತೆಂದು ಎಲ್ಲರೂ ಗಡ್ಡ ಬಿಟ್ಟು, ಕಪ್ಪು ಧೂಳಿನಲ್ಲಿ ಮೆಲ್ಲನೆ ನಡೆದು ಬಂದರು. ದೈವ ಗೆದ್ದಿತೆಂದು ಊರೂರಿನ ದೈವಗಳನ್ನು ಹುಡುಕಹೊರಟರು. ಗೆಲವಿನ ಕಾರಣವು ತಮ್ಮ ಊರನ್ನು ಕಣ್ಣಾರೆ ಕಂಡು ಮಾಡಿದುದರಲ್ಲಿತ್ತು. ಅದನ್ನು ಬಿಟ್ಟು ಗೆಲವಿನ ವೇಷವನ್ನು ನಕಲು ಮಾಡಿದರು. ಪ್ರತಿಬಿಂಬವೆಂಬುದು ಇದೇ.

ನಮ್ಮ ಸೀಮೆಯವರಿಗಂತೂ ಈ ಕನ್ನಡಿಯಲ್ಲಿ ದೊರೆತ ಸ್ಥಾನವು ಅವಮಾನಕರವಾದುದು. ಬೈಲಹೊಂಗಲ, ರಾಮದುರ್ಗಗಳ ಮಾತು ಚಿತ್ರದಲ್ಲಿ ಬಂದರೆ ಅದನ್ನು ಆಡುವವನು ಬಹುಶಃ ಅಡಿಗೆಯವನು, ಕಾವಲುಗಾರ, ಇಲ್ಲವೆ ಹೊಟ್ಟೆಬಾಕ. ನಾಯಕನು ಪ್ರೀತಿಸುವಾಗ, ನಾಯಿಕೆಯು ದುಃಖಿಸುವಾಗ ನಮ್ಮ ಮಾತು ಬಾರದು. ೨೦೧೮ರಲ್ಲಿ ರ‍್ಯಾಂಬೋ ೨ ಎಂಬ ಚಿತ್ರದ "ಚುಟು ಚುಟು" ಹಾಡು ನಮ್ಮ ಕಡೆಯ ಮಾತಿನಲ್ಲಿ ನಾಡೆಲ್ಲ ಹಬ್ಬಿದುದನ್ನು ಕಂಡ ಮೇಲೆ ನಮ್ಮ ನುಡಿಗೂ ಬೆಲೆ ಬಂದಿತೆಂದು ಹಿಗ್ಗಿದವರುಂಟು. ಆದರೆ ಬೆಲೆ ಬಂದುದು ಕುಣಿತಕ್ಕೆ. ಅಂಥ ಹಾಡೊಂದನ್ನು ಉಪ್ಪಿನಕಾಯಿಯಂತೆ ಎಲೆಯ ಅಂಚಿಗೆ ಹಚ್ಚುವ ವಾಡಿಕೆಯಷ್ಟೇ ಬೆಳೆಯಿತು. ಊಟವೆಲ್ಲ ಹಿಂದಿನದೇ.

ಇನ್ನು ಮನೆಯೊಳಗಿನ ದೂರದರ್ಶನದ ವಿಚಾರ. ಸಂಜೆ ಏಳು ಗಂಟೆಯ ಮೇಲೆ ನಮ್ಮ ಯಾವುದೇ ಪೇಟೆಯ ಓಣಿಯಲ್ಲಿ ನಡೆದುಹೋಗಿ ನೋಡಿರಿ. ಒಂದು ಮನೆಯ ಕಿಟಕಿಯಲ್ಲಿ ಕೇಳಿದ ಮಾತಿನ ಮುಂದಿನ ಮಾತು ಮುಂದಿನ ಮನೆಯ ಕಿಟಕಿಯಲ್ಲಿ ಕೇಳುವದು. ಓಣಿ ಮುಗಿಯುವಷ್ಟರಲ್ಲಿ ಧಾರಾವಾಹಿಯ ಒಂದು ಕಂತು ಮುಗಿದಿರುವದು! ಕಥೆಯಾದರೂ ಎಂಥದು? ಒಬ್ಬ ಸಾಧ್ವಿ ಸೊಸೆ, ಒಬ್ಬ ಕುತಂತ್ರದ ಅತ್ತೆ ಇಲ್ಲವೆ ನಾದಿನಿ, ಬಾಗಿಲ ಮರೆಯಲ್ಲಿ ಕೇಳಿಸಿಕೊಂಡ ಅರ್ಧ ಮಾತು, ಜಾರಿ ಬೀಳುವ ಆರತಿಯ ತಟ್ಟೆ, ಮೂರು ಸಲ ತಿರುಗಿಸಿ ತೋರಿಸುವ ಬೆರಗಿನ ಮೋರೆ. ಹಿಂದಿಯಲ್ಲಿ ೨೦೦೮ರಲ್ಲಿ ಆರಂಭವಾದ ಬಾಲಿಕಾ ವಧುವು ೨೦೧೨ರಲ್ಲಿ ನಮ್ಮ ಪುಟ್ಟಗೌರಿ ಮದುವೆಯಾಗಿ ಬಂದು ವರ್ಷಗಟ್ಟಲೆ ನಡೆಯಿತು. ೨೦೧೯ರ ಜೊತೆ ಜೊತೆಯಲಿ ಮರಾಠಿಯಿಂದ ಬಂದಿತು. ಸ್ಪರ್ಧೆಯ ಕಾರ್ಯಕ್ರಮಗಳೂ ಹೀಗೆಯೇ. ೨೦೧೨ರ ಕನ್ನಡದ ಕೋಟ್ಯಧಿಪತಿಯ ಮೂಲವು ೧೯೯೮ರ ಇಂಗ್ಲಂಡಿನಲ್ಲಿ, ೨೦೧೩ರ ಬಿಗ್ ಬಾಸಿನ ಮೂಲವು ೧೯೯೯ರ ನೆದರ್ಲಂಡಿನಲ್ಲಿ. ಅಚ್ಚನ್ನು ಹೊರಗಿನಿಂದ ಬಾಡಿಗೆಗೆ ತಂದು ನಮ್ಮ ಬೆಲ್ಲವನ್ನು ಎರೆಯುವರು.

ಇದರ ಒಳಗಿನ ಯಂತ್ರವನ್ನು ಅರಿತರೆ ಆಶ್ಚರ್ಯವು ಉಳಿಯುವದಿಲ್ಲ. ಧಾರಾವಾಹಿಯು ವಾರಕ್ಕೆ ಐದಾರು ದಿನ ಬರಬೇಕು. ಎಷ್ಟು ಮನೆಗಳು ನೋಡಿದವೆಂಬ ಎಣಿಕೆಯು ವಾರವಾರಕ್ಕೆ ಹೊರಬೀಳುವದು; ಜಾಹೀರಾತಿನ ದರವು ಆ ಎಣಿಕೆಯನ್ನು ಅವಲಂಬಿಸಿರುವದು. ಎಣಿಕೆಯು ಏರಿದ ವಾರದಲ್ಲಿ ಏನು ತೋರಿಸಿದ್ದರೋ ಅದನ್ನೇ ಮುಂದಿನ ವಾರಕ್ಕೆ ಎಳೆಯಬೇಕು. ಇಳಿದರೆ ಪಕ್ಕದ ವಾಹಿನಿಯಲ್ಲಿ ಏರಿದುದನ್ನು ತರಬೇಕು. ಕಥೆಯು ಮುಗಿಯುವದು ಕಥೆ ತೀರಿತೆಂದಲ್ಲ, ಎಣಿಕೆ ಇಳಿಯಿತೆಂದು. ಕಥೆಗೆ ಅಂತ್ಯವಿಲ್ಲದಿದ್ದರೆ ನೀತಿಗೂ ಅಂತ್ಯವಿಲ್ಲ. ಕೆಟ್ಟವಳಿಗೆ ಫಲವು ದೊರೆತರೆ ನಾಳೆಯ ಕಂತಿಗೆ ಏನು ಉಳಿಯಿತು? ಹೀಗಾಗಿ ಯಾರೂ ಕಲಿಯದ, ಯಾರೂ ಬದಲಾಗದ ಮನೆಯೊಂದನ್ನು ನಮ್ಮ ಮಕ್ಕಳು ದಿನಾಲು ಎರಡು ತಾಸು ನೋಡುತ್ತಿರುವರು. ರಾಣಿ ಚೆನ್ನಮ್ಮನು ೧೮೨೪ರಲ್ಲಿ ಕಿತ್ತೂರಿನ ಕೋಟೆಯಿಂದ ಠಾಕರೆಯನ್ನು ಎದುರಿಸಿದ, ೧೮೨೯ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಪ್ರಾಣ ಬಿಟ್ಟ ಈ ನೆಲದಲ್ಲಿ, ಹೆಣ್ಣಿನ ಬುದ್ಧಿಯೆಲ್ಲವೂ ಇನ್ನೊಬ್ಬ ಹೆಣ್ಣಿನ ಹಾಲಿನ ಲೋಟಕ್ಕೆ ಏನನ್ನು ಬೆರೆಸಬೇಕೆಂಬುದರಲ್ಲಿಯೇ ಸವೆಯುವದೆಂದು ಕಲಿಸುವ ಪಾಠವು ನಡೆದಿದೆ. ಅದನ್ನು ನಾವು ಮನೋರಂಜನೆಯೆಂದು ಕರೆಯುತ್ತೇವೆ.

ಸಂಗೀತದ ಸ್ಥಿತಿಯು ಇದಕ್ಕೂ ಶೋಚನೀಯವಾದುದು. ೨೦೧೨ರಲ್ಲಿ ಸ್ಪೇನ ದೇಶದ ಸಂಶೋಧಕರು ೧೯೫೫ರಿಂದ ೨೦೧೦ರ ವರೆಗಿನ ನಾಲ್ಕು ಲಕ್ಷ ಅರವತ್ತು ಸಾವಿರಕ್ಕೂ ಹೆಚ್ಚು ಪಾಶ್ಚಾತ್ಯ ಜನಪ್ರಿಯ ಧ್ವನಿಮುದ್ರಿಕೆಗಳನ್ನು ಯಂತ್ರದಿಂದ ಅಳೆದು ನೋಡಿದರು. ಸ್ವರದಿಂದ ಸ್ವರಕ್ಕೆ ಹೋಗುವ ದಾರಿಗಳು ಕಡಿಮೆಯಾಗುತ್ತ, ವಾದ್ಯಗಳ ನಾದವು ಒಂದೇ ತೆರನಾಗುತ್ತ, ಸದ್ದು ಮಾತ್ರ ಏರುತ್ತ ಹೋಗಿರುವದೆಂದು ಅವರು ಕಂಡರು. ಅದು ಅವರ ದೇಶಗಳ ಲೆಕ್ಕವೆಂದು ನಾವು ಸುಮ್ಮನಿರಲಾಗದು. ನಮ್ಮ ಜಾತ್ರೆಗಳಿಗೆ ಬಂದು ಕೇಳಿರಿ. "ಉತ್ತರ ಕರ್ನಾಟಕ ಜಾನಪದ" ಎಂಬ ಹೆಸರಿನಿಂದ ಟ್ರ್ಯಾಕ್ಟರುಗಳ ಮೇಲೆ ಮೊಳಗುವ ಹಾಡುಗಳನ್ನು ಹತ್ತು ಕೇಳಿದರೆ ಹನ್ನೊಂದನೆಯದನ್ನು ನೀವೇ ಹೇಳಬಹುದು: ಕೈಕೊಟ್ಟ ಗೆಳತಿ, ಅವಳ ಮದುವೆ, ಇವನ ಕುಡಿತ, ಅದೇ ಕೀಬೋರ್ಡಿನ ಸ್ವರ, ಅದೇ ಪ್ಯಾಡಿನ ಬಡಿತ. ಇವನ್ನು ಕಟ್ಟುವ ನಮ್ಮ ಹಳ್ಳಿಯ ಹುಡುಗರು ಪ್ರತಿಭೆಯಿಲ್ಲದವರಲ್ಲ, ಹಲವರ ಕಂಠವು ಕಂಚಿನಂಥದು. ಆದರೆ ಆ ಕಂಠವನ್ನು ಯಂತ್ರವು ಮುಟ್ಟದೆ ಬಿಡುವದಿಲ್ಲ. ೧೯೯೭ರಲ್ಲಿ ಆಟೋಟ್ಯೂನ್ ಎಂಬ ಉಪಕರಣವನ್ನು ಮಾರುಕಟ್ಟೆಗೆ ತಂದ ಹಿಲ್ಡೆಬ್ರಾಂಡ್ ಎಂಬ ಅಮೇರಿಕದ ವಿದ್ವಾಂಸನು ಮೊದಲು ಭೂಮಿಯೊಳಗಿನ ಎಣ್ಣೆಯ ನೆಲೆಯನ್ನು ಧ್ವನಿತರಂಗಗಳಿಂದ ಹುಡುಕುವ ಲೆಕ್ಕದಲ್ಲಿ ನಿಪುಣನಾಗಿದ್ದನು. ಆ ಲೆಕ್ಕವು ಇಂದು ಸ್ವರ ತಪ್ಪಿದವನನ್ನು ಸ್ವರಕ್ಕೆ ತರುವದು. ಅದರೊಡನೆಯೇ ಸ್ವರದ ಅಂಚಿನಲ್ಲಿ ಬೇಕೆಂದೇ ತೂಗಾಡಿದವನನ್ನೂ ಎಳೆದು ನೆಟ್ಟಗೆ ನಿಲ್ಲಿಸುವದು. ಮೀಂಡಿನ ಸೂಕ್ಷ್ಮವನ್ನು ಜಗತ್ತಿಗೆ ಕೇಳಿಸಿದ ಮಲ್ಲಿಕಾರ್ಜುನ ಮನಸೂರರ ಧಾರವಾಡಕ್ಕೆ ಹತ್ತಿರದಲ್ಲಿಯೇ ನಾವು ಇದ್ದೇವೆಂಬುದನ್ನು ಮರೆಯಲಾಗದು.

ಇದಕ್ಕೆ ಎದುರಾಗಿ ಎಲ್ಲಮ್ಮನ ಗುಡ್ಡದ ಚೌಡಿಕೆಯನ್ನು ನೆನೆಯಿರಿ. ಒಂದೇ ತಂತಿ. ಹಾಡುವವಳ ಕೈಯ ಬಿಗಿತ ಸಡಿಲುಗಳಿಂದ ಅದು ನರಳುವದು, ನಗುವದು, ಪ್ರಶ್ನೆ ಕೇಳುವದು. ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಎಳೆಯ ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಿಡುವ ದುಷ್ಟ ಪದ್ಧತಿಯನ್ನು ೧೯೮೨ರ ಕಾಯದೆಯು ನಿಷೇಧಿಸಿದುದು ಪರಮ ನ್ಯಾಯವಾದುದು. ಹಾಡಿನ ಮೋಹದಿಂದ ಆ ಪದ್ಧತಿಗೆ ಯಾರೂ ಕಣ್ಣೀರು ಹಾಕಲಾಗದು. ಪದ್ಧತಿಯು ಅಳಿಯಲಿ, ಪದವು ಉಳಿಯಲಿ. ಪದವನ್ನು ಕಲಿಯುವದಕ್ಕೆ ಯಾರ ಬಾಳನ್ನೂ ಬಲಿ ಕೊಡಬೇಕಾಗಿಲ್ಲ. ಶಾಲೆಯ ಮಕ್ಕಳೂ ಕಲಿಯಬಹುದು. ರಾಮದುರ್ಗ ತಾಲೂಕಿನ ಗೊಡಚಿಯ ವೀರಭದ್ರನ ಸನ್ನಿಧಿಯಲ್ಲಿ ಪುರವಂತರು ಹೇಳುವ ಒಡಪುಗಳು, ನಮ್ಮ ಕರಡಿಮಜಲಿನ ಗತ್ತುಗಳು, ಸಂಗೊಳ್ಳಿ ರಾಯಣ್ಣನ ಲಾವಣಿಗಳು ಇವೆಲ್ಲ ಹಾಗೆಯೇ ಕಲಿಯತಕ್ಕವು. ೧೮೮೦ರ ದಶಕದಲ್ಲಿ ಫ್ಲೀಟ್ ಎಂಬ ಆಂಗ್ಲ ಅಧಿಕಾರಿಯು ರಾಯಣ್ಣನ ಲಾವಣಿಯನ್ನೂ ಸಂಗ್ಯಾನ ಲಾವಣಿಯನ್ನೂ ಕೇಳಿ ಬರೆದುಕೊಂಡು, ಇಂಗ್ಲಿಷಿನ ಅರ್ಥದೊಡನೆ ಅಚ್ಚು ಹಾಕಿಸಿದನು. ೧೮೩೧ರಲ್ಲಿ ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದ ಸರಕಾರದ ನೌಕರನಿಗೆ ಕೇಳುವಂತೆನಿಸಿದ ಹಾಡು ರಾಯಣ್ಣನ ಊರಿನ ನಮಗೆ ಕೇಳುವಂತೆನಿಸದೆ ಹೋದರೆ, ದೋಷವು ಹಾಡಿನದಲ್ಲ.

ಹಾಗಾದರೆ ನಕಲನ್ನು ಬಿಟ್ಟುಕೊಟ್ಟು ಹೊರಬರುವ ದಾರಿಯುಂಟೇ? ನಮ್ಮ ಜಿಲ್ಲೆಯ ಮಗನೊಬ್ಬನ ಬಾಳೇ ಅದಕ್ಕೆ ಸಾಕ್ಷಿಯಾಗಿದೆ. ೧೯೨೪ರಲ್ಲಿ ಬೆಳಗಾವಿಯ ಬಳಿಯ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಕೋಮಕಾಳಿಯು ಚಿಕ್ಕಂದಿನಲ್ಲಿ ಹಿರಿಯ ಗವಾಯಿಗಳ ತಟ್ಟೆಗಳನ್ನು ಕೇಳಿ, ಉಸಿರಿಗೆ ಉಸಿರು ಹೊಂದುವಂತೆ ಹಾಡಿ ತೋರಿಸುತ್ತಿದ್ದನು. ಸಭೆಗಳು ಬೆರಗಾದವು, ಕುಮಾರ ಗಂಧರ್ವನೆಂಬ ಬಿರುದು ಬಂದಿತು. ಅಂದಿನ ಆತನ ಹಾಡು ಆನಂದವರ್ಧನನ ಮೊದಲನೆಯ ತೆರನದು, ಶುದ್ಧ ಪ್ರತಿಬಿಂಬ. ಅಲ್ಲಿಯೇ ನಿಂತಿದ್ದರೆ ಆತನು ಒಳ್ಳೆಯ ತಟ್ಟೆಯಾಗಿ ಉಳಿಯುತ್ತಿದ್ದನು. ಆದರೆ ಮುಂಬಯಿಯಲ್ಲಿ ದೇವಧರರ ಹತ್ತಿರ ಕಲಿತು, ಮುಂದೆ ಕ್ಷಯದಿಂದ ವರ್ಷಗಟ್ಟಲೆ ದೇವಾಸದಲ್ಲಿ ಹಾಡದೆ ಮಲಗಿದ್ದಾಗ, ಮಾಳವದ ಹೆಂಗಸರ ಹಾಡುಗಳನ್ನೂ ಭಿಕ್ಷುಕರ ಭಜನೆಗಳನ್ನೂ ಆಲಿಸಿ, ಎದ್ದು ಹಾಡಿದಾಗ ಆ ಕಂಠವು ಯಾರ ನಕಲೂ ಆಗಿರಲಿಲ್ಲ. ರಾಗಗಳು ಅವೇ, ಕಬೀರನು ಅವನೇ. ಪ್ರಾಣ ಮಾತ್ರ ಸ್ವಂತದ್ದು. ಅನುಕರಣವು ಕಲಿಕೆಯ ಮೊದಲ ಮೆಟ್ಟಿಲಾಗಿರಲಿ. ನಮ್ಮ ಉದ್ಯಮಗಳು ಅದನ್ನೇ ಮಾಳಿಗೆಯೆಂದು ತಿಳಿದು ಅಲ್ಲಿಯೇ ಹಾಸಿಗೆ ಹಾಸಿರುವವು. ಡಾ. ಚಂದ್ರಶೇಖರ ಕಂಬಾರರು ಸಂಗ್ಯಾ ಬಾಳ್ಯಾರ ಕಥೆಯನ್ನು ಹೊಸ ನಾಟಕವಾಗಿ ಕಟ್ಟಿದುದೂ ಹೀಗೆಯೇ. ಅಣ್ಣನ ಮೋರೆಯ ತಮ್ಮನು ಹುಟ್ಟಿದನು.

ಇಲ್ಲಿಯ ವರೆಗೆ ಓದಿದ ವಾಚಕ ಮಹಾಶಯರು ತಲೆದೂಗುತ್ತ, "ನಿಜ, ಅರಿಯದ ಜನರ ಅಭಿರುಚಿಯು ಕೆಟ್ಟುಹೋಗಿದೆ" ಎಂದುಕೊಂಡಿದ್ದರೆ ನನ್ನ ಲೇಖನವು ವ್ಯರ್ಥವಾದಂತೆಯೇ. ಅರಿಯದ ಜನರು ಇನ್ನೂ ಗೊಡಚಿಗೆ ನಡೆದುಕೊಂಡು ಹೋಗುತ್ತಾರೆ, ಪಾರಿಜಾತಕ್ಕೆ ಕಂಬಳಿ ಹೊದ್ದು ಕೂಡುತ್ತಾರೆ. ಬೆಳತನಕ ಕುಳಿತುಕೊಳ್ಳಲು ನಮಗೆ ಹೊತ್ತಿಲ್ಲವೆಂದು ಎದ್ದುಹೋದವರು ನಾವು, ಪುಸ್ತಕ ಓದುವ ಮನೆಗಳವರು. ಜಾತ್ರೆಯ ಪಂಚಮಂಡಳಿಗಳಲ್ಲಿ ಕುಳಿತು, "ಆಟದವರು ಎರಡು ತಾಸಿನಲ್ಲಿ ಮುಗಿಸಲಿ, ಆಮೇಲೆ ರಸಮಂಜರಿ ಇದೆ" ಎಂದು ಅಪ್ಪಣೆ ಕೊಡಿಸಿದವರು ನಾವು. ಬೆಳಗಾಗುವ ಹೊತ್ತಿಗೆ ಕಣಿ ಹೇಳಬೇಕಾದ ಕೊರವಂಜಿಯನ್ನು ಎರಡು ತಾಸಿನಲ್ಲಿ ಹೊರಡಿಸಿದರೆ ಅವಳು ಏನನ್ನು ಹೇಳಿಯಾಳು? ಶಾಲೆಯ ಸಮ್ಮೇಲನದಲ್ಲಿ ಮಗಳು ಚಿತ್ರಗೀತೆಗೆ ಕುಣಿಯಲೇಬೇಕೆಂದು ಹಟ ಹಿ�ಡಿದು ಶಿಕ್ಷಕರನ್ನು ಕಾಡಿದವರೂ ನಾವೇ. ಶಿಕ್ಷಕರಲ್ಲಿ ನನ್ನನ್ನೂ ಸೇರಿಸಿಯೇ ಹೇಳುತ್ತೇನೆ: ಪಾಲಕರು ಕೇಳಿದರೆಂದು ನಾನು ಸುಮ್ಮನಾದ ವರ್ಷಗಳೂ ಉಂಟು.

ಆದುದರಿಂದ ಚಿತ್ರಪಟವನ್ನು ಬಹಿಷ್ಕರಿಸಿರಿ, ದೂರದರ್ಶನವನ್ನು ಒಡೆಯಿರಿ ಎಂದು ನಾನು ಹೇಳುವವನಲ್ಲ. ಅಂಥ ಮಾತು ಬಾಯಿಗೆ ವೀರ, ಕೈಗೆ ನಿರರ್ಥಕ. ಕೈಯಲ್ಲಿ ಆಗತಕ್ಕ ಮೂರು ಮಾತುಗಳನ್ನು ಮಾತ್ರ ಬಿನ್ನವಿಸುವೆನು. ಮೊದಲನೆಯದು, ಶಾಲೆಯ ಸಮ್ಮೇಲನದಲ್ಲಿ ಅರ್ಧದಷ್ಟು ಬಾಬುಗಳನ್ನಾದರೂ ಮಕ್ಕಳೇ ಬಾಯಿಂದ ಹಾಡಬೇಕು, ಕೈಯಿಂದ ನುಡಿಸಬೇಕು. ಸ್ವರವು ತಪ್ಪಿದರೆ ತಪ್ಪಲಿ. ತಪ್ಪಿದ ಸ್ವರವು ಆ ಮಗುವಿನ ಸ್ವಂತದ್ದು. ಎರಡನೆಯದು, ನಮ್ಮ ನಾಲ್ಕೂ ತಾಲೂಕುಗಳಲ್ಲಿ ವರ್ಷಕ್ಕೊಂದು ಪಾರಿಜಾತವನ್ನಾಗಲಿ ಸಣ್ಣಾಟವನ್ನಾಗಲಿ ಕತ್ತರಿಸದೆ ಬೆಳತನಕ ಆಡಿಸಬೇಕು, ಓದುಬರೆಹ ಬಲ್ಲವರು ಮುಂದಿನ ಸಾಲಿನಲ್ಲಿ ಬೆಳತನಕ ಕುಳಿತಿರಬೇಕು, ಕಲಾವಿದರ ಸಂಭಾವನೆಯು ರಸಮಂಜರಿಯವರದಕ್ಕಿಂತ ಕಡಿಮೆಯಾಗಬಾರದು. ಮೂರನೆಯದು, ಮನೆಯಲ್ಲಿ ಧಾರಾವಾಹಿಯನ್ನು ನೋಡುವುದಾದರೆ ಮಕ್ಕಳೊಡನೆ ಕೂಡಿ ನೋಡಿರಿ, ಕಂತು ಮುಗಿದ ಮೇಲೆ ಒಂದೇ ಒಂದು ಪ್ರಶ್ನೆಯನ್ನು ಕೇಳಿರಿ: "ನಾಳೆ ಏನಾಗತೈತಿ ಹೇಳು?" ಮಗುವು ಸರಿಯಾಗಿ ಹೇಳಿದರೆ, ನಾಳೆ ಅದನ್ನು ನೋಡುವ ಅಗತ್ಯವು ಉಳಿಯಲಿಲ್ಲ. ಬೇಸರವೆಂಬ ಅಮೂಲ್ಯ ಗುಣವನ್ನು ಮಕ್ಕಳಿಗೆ ಕಲಿಸುವದು ಇಂದು ತಾಯಿತಂದೆಗಳ ಕರ್ತವ್ಯವಾಗಿದೆ. ಬೇಸರಪಡಬಲ್ಲವನೇ ಹೊಸದನ್ನು ಹುಡುಕಿ ಹೊರಡುವನು.

ಆ ತರುಣ ಶಿಕ್ಷಕರನ್ನು ಮೊನ್ನೆ ಪೇಟೆಯಲ್ಲಿ ಕಂಡೆನು. ಬರುವ ಭಾರತ ಹುಣ್ಣಿಮೆಯ ಮುಂದೆ ಹತ್ತಿರದ ಹಳ್ಳಿಯೊಂದರಲ್ಲಿ ಪಾರಿಜಾತವಿದೆ, ನನ್ನ ಜೊತೆಗೆ ಬಂದು ಬೆಳತನಕ ಕೂಡಬೇಕೆಂದು ಕೇಳಿದೆನು. "ಬರ್ತೀನ್ರಿ ಗುರುಗಳ, ಆದ್ರ ನಿದ್ದಿ ಬಂದ್ರ ಬೈಯಬಾರದು" ಎಂದರು. ಬೈಯುವದಿಲ್ಲವೆಂದು ಮಾತು ಕೊಟ್ಟಿದ್ದೇನೆ. ಮುಂದಿನ ಸಾಲಿನಲ್ಲಿ ತೂಕಡಿಸಿದವರ ಹೆಸರನ್ನು ಹಿಡಿದು ಭಾಗವತನೇ ಕೂಗುವನು. ಆ ಕೆಲಸಕ್ಕೆ ನಾನು ಬೇಕಾಗಿಲ್ಲ.